ಮಾವನ ಆರ್‌ಡಿ, ನನ್ನ ಆರ್‌ಡಿ: ಎಂಟು ದಿನ ಅದಲು ಬದಲು

ನಮ್ಮ ಕುಟುಂಬದಲ್ಲಿ ಎರಡು ರಾಜ್‌ದೂತ್ 350 ಬೈಕ್ ಇವೆ, ಆರ್‌ಡಿ ಅಂತ ಕರೆಯೋದು ಇದನ್ನೇ. ಒಂದು ತೀರ್ಥಹಳ್ಳಿಯಲ್ಲಿರುವ ನನ್ನ ಸೋದರಮಾವನದು, 1984ರ ಎಚ್‌ಟಿ (ಹೈ ಟಾರ್ಕ್) ಮಾಡೆಲ್. ಶೋರೂಮಿನಿಂದ ಹೇಗೆ ಬಂತೋ ಹೆಚ್ಚುಕಡಿಮೆ ಹಾಗೇ ಇತ್ತು. ಇನ್ನೊಂದು ಬೆಂಗಳೂರಲ್ಲಿ ನನ್ನದು, 1987ರ ಎಲ್‌ಟಿ (ಲೋ ಟಾರ್ಕ್). ಅದಕ್ಕೆ ಎಕ್ಸ್‌ಪ್ಯಾನ್ಶನ್ ಚೇಂಬರ್, ಎಲೆಕ್ಟ್ರಾನಿಕ್ ಇಗ್ನಿಷನ್, ಮುಂದಕ್ಕೆ ಡಿಸ್ಕ್ ಬ್ರೇಕ್ ಹಾಕಿಸಿದ್ದೆ. ಕಳೆದ ಡಿಸೆಂಬರ್‌ನಲ್ಲಿ ನನ್ನ ಗಾಡಿಯನ್ನು ಊರಿಗೆ ಒಯ್ದು, ಎಂಟು ದಿನ ಇಬ್ಬರೂ ಅದಲು ಬದಲು ಮಾಡಿ ಓಡಿಸಿದೆವು.

ಈ ಗಾಡಿ ಯಾಕೆ ಅಷ್ಟು ಪ್ರೀತಿ ಅಂತ ಹೊಸಬರಿಗೆ ಎರಡು ಮಾತು. ಜಪಾನಿನ ಯಮಹಾ ಆರ್‌ಡಿ350ಯನ್ನು ಎಸ್ಕಾರ್ಟ್ಸ್ ಕಂಪನಿ 1983ರಿಂದ ನಮ್ಮಲ್ಲಿ ತಯಾರಿಸಿತು. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಆರು ಗೇರ್. ಜಪಾನಿನದು 39 ಎಚ್‌ಪಿ ಕೊಡುತ್ತಿತ್ತು. ಮೈಲೇಜಿಗೋಸ್ಕರ ಇಲ್ಲಿ ಅದನ್ನು ಇಳಿಸಿದರು. ಎಚ್‌ಟಿಗೆ 30.5, ಆಮೇಲೆ ಬಂದ ಎಲ್‌ಟಿಗೆ 27. ಹಾಗಾಗಿ ನಮ್ಮ ಎರಡು ಗಾಡಿ ಮೊದಲಿಂದಲೂ ಸರಿಸಮ ಅಲ್ಲ. ಇದನ್ನು ನೆನಪಿಟ್ಟುಕೊಂಡೇ ಓದಿ.

ಮೊದಲು ಬ್ರೇಕ್. ಜಪಾನಿನ ಗಾಡಿಗೆ ಮುಂದೆ ಡಿಸ್ಕ್ ಇತ್ತು, ನಮ್ಮಲ್ಲಿ ಡ್ರಮ್ ಕೊಟ್ಟರು. ಮಾವನ ಗಾಡಿಯಲ್ಲಿ ಆಗುಂಬೆ ಘಾಟಿ ಇಳಿದೆ. ಮೊದಲ ನಾಲ್ಕೈದು ತಿರುವು ಪರವಾಗಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಡ್ರಮ್ ಕಾದು, ಲಿವರ್ ಹ್ಯಾಂಡಲ್‌ವರೆಗೆ ಬರತೊಡಗಿತು. ಎದುರಿಗೆ ಬಸ್ಸು, ಪಕ್ಕದಲ್ಲಿ ಮೋಟುಗೋಡೆ. ಆ ತಿರುವಿನಲ್ಲಿ ಎದೆ ಹೊಡೆದುಕೊಂಡದ್ದು ಇನ್ನೂ ಮರೆತಿಲ್ಲ. ಮಾರನೇ ದಿನ ಅದೇ ಘಾಟಿಯನ್ನು ನನ್ನ ಗಾಡಿಯಲ್ಲಿ ಇಳಿದಾಗ ಎರಡೇ ಬೆರಳು ಸಾಕಾಯಿತು. ಇದರಲ್ಲಿ ನನಗೆ ಎರಡು ಮಾತಿಲ್ಲ. ಓಡಿಸುವ ಗಾಡಿಯಾದರೆ ಡಿಸ್ಕ್ ಹಾಕಿಸಿ. ಆದರೆ ಮುಂದಿನ ಚಕ್ರವನ್ನು ಹಿಡಿದಿರುವ ಹಳೇ ಫೋರ್ಕಿಗೆ ವೆಲ್ಡಿಂಗ್ ಮಾಡಿಸಬೇಡಿ. ಬೇರೆ ಫೋರ್ಕ್, ಬೇರೆ ಚಕ್ರ ಪೂರ್ತಿ ಸೆಟ್ ಹಾಕಿಸಿ, ಒರಿಜಿನಲ್ ಸೆಟ್ಟನ್ನು ಎಣ್ಣೆ ಸವರಿ ಎತ್ತಿಡಿ. ನಾನು ಮಾಡಿದ್ದು ಹಾಗೇ.

ಇಗ್ನಿಷನ್ ವಿಷಯದಲ್ಲಿ ಇಷ್ಟು ಖಚಿತವಾಗಿ ಹೇಳಲಾರೆ. ಮಾವನ ಗಾಡಿಗೆ ಎಡ ಸಿಲಿಂಡರಿಗೊಂದು ಬಲ ಸಿಲಿಂಡರಿಗೊಂದು ಪಾಯಿಂಟ್, ಅಂದರೆ ತೆರೆದು ಮುಚ್ಚಿ ಪ್ಲಗ್ಗಿಗೆ ಕಿಡಿ ಕೊಡಿಸುವ ಸಣ್ಣ ಸ್ವಿಚ್ಚು. ಬೆಳಿಗ್ಗೆ ಕಾಫಿ ಕುಡಿದು, ಜಗಲಿಯಲ್ಲಿ ಮಣೆ ಹಾಕಿ ಕೂತು, ಕವರ್ ಬಿಚ್ಚುತ್ತಾರೆ. ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿ 0.35 ಮಿಲಿಮೀಟರ್ ಗ್ಯಾಪ್ ನೋಡುತ್ತಾರೆ. ಆಮೇಲೆ ಮದುವೆ ಕರೆಯೋಲೆಯ ಒಂದು ಚೂರನ್ನು ಪಾಯಿಂಟ್ ನಡುವೆ ಇಟ್ಟು ಎಳೆಯುತ್ತಾರೆ. ಕಾಗದದ ಮೇಲೆ ಕಪ್ಪು ಗೆರೆ ಬಂದರೆ ಇನ್ನೊಮ್ಮೆ, ಬಿಳಿಯಾಗೇ ಬಂದರೆ ಮುಗಿಯಿತು. ಒಂದೇ ಕಿಕ್ಕಿಗೆ ಸ್ಟಾರ್ಟ್. ನನ್ನದಕ್ಕೆ ಈ ಕೆಲಸ ಯಾವುದೂ ಇಲ್ಲ, ಎರಡು ವರ್ಷದಿಂದ ಆ ಕವರ್ ತೆಗೆದಿಲ್ಲ. ದಿನಾ ಆಫೀಸಿಗೆ ಹೋಗುವವನಿಗೆ ಅದೇ ಸುಖ. ಆದರೆ ಪಾಯಿಂಟ್ ಕೈಕೊಟ್ಟರೆ ದಾರಿಯಲ್ಲೇ ಉಜ್ಜಿ ಮನೆ ಸೇರಬಹುದು. ನನ್ನ ಎಲೆಕ್ಟ್ರಾನಿಕ್ ಯೂನಿಟ್ ಸತ್ತರೆ ಲಗೇಜ್ ಆಟೋನೇ ಗತಿ. ದೂರ ಹೋಗುವಾಗ ಹಳೇ ಪಾಯಿಂಟ್ ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಳ್ಳುತ್ತೇನೆ.

ಇನ್ನು ಸೈಲೆನ್ಸರ್. ನನಗೆ ಜಾಸ್ತಿ ದುಡ್ಡು, ಜಾಸ್ತಿ ಬೇಜಾರು ತಂದದ್ದು ಇದೇ. ಎಕ್ಸ್‌ಪ್ಯಾನ್ಶನ್ ಚೇಂಬರ್ ಅಂದರೆ ನಡುವೆ ಹೊಟ್ಟೆ ಉಬ್ಬಿ, ತುದಿಗೆ ಸಣ್ಣಗಾಗುವ ಪೈಪು. ಹೊಗೆಯ ಜೊತೆ ಹೊರಟ ಒತ್ತಡದ ಅಲೆ ತುದಿಗೆ ಬಡಿದು ವಾಪಸ್ ಬರುತ್ತದೆ. ಸಿಲಿಂಡರಿನಿಂದ ಹೊರಗೆ ಜಾರುತ್ತಿದ್ದ ಹೊಸ ಪೆಟ್ರೋಲ್-ಗಾಳಿಯನ್ನು ಅದು ಮತ್ತೆ ಒಳಗೆ ನೂಕುತ್ತದೆ. ಆದರೆ ಈ ಲೆಕ್ಕ ಕೂಡಿಬರುವುದು ಕೆಲವು ಆರ್‌ಪಿಎಂನಲ್ಲಿ ಮಾತ್ರ. ಆ ಮಟ್ಟ ಮುಟ್ಟಿದಾಗ ಗಾಡಿ ಮುಂದಿನ ಚಕ್ರ ಎತ್ತುತ್ತದೆ, ಸುಳ್ಳಲ್ಲ. ಅದಕ್ಕಿಂತ ಕೆಳಗೆ, ಸಿಗ್ನಲ್‌ಗಳ ನಡುವೆ, ಎಲ್‌ಟಿಗಿದ್ದ ಎಳೆತವೂ ಹೋಯಿತು. ಮಾವನ ಎಚ್‌ಟಿ ಮೂರನೇ ಗೇರಿನಲ್ಲಿ ಸುಮ್ನೆ ಎಳೆದುಕೊಂಡು ಹೋಗುವ ಏರಿಗೆ ನಾನು ಎರಡು ಸಲ ಗೇರ್ ಇಳಿಸಬೇಕು.

ಪೈಪ್ ಹಾಕಿಕೊಟ್ಟವನು ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಾಯಿಸೋದು ಬೇಡ ಅಂದಿದ್ದ, ನಾನೂ ನಂಬಿದೆ. ಕುಣಿಗಲ್ ದಾರಿಯಲ್ಲಿ ಆರನೇ ಗೇರಿನಲ್ಲಿ ಹೋಗುವಾಗ ಹಿಂದಿನ ಚಕ್ರ ಹಿಡಿದುಕೊಂಡು ಕಿರ್ ಅಂತ ಎಳೆಯಿತು. ಕ್ಲಚ್ ಹಿಡಿದದ್ದರಿಂದ ಬದುಕಿದೆ. ಪ್ಲಗ್ ಬಿಚ್ಚಿ ನೋಡಿದರೆ ಬಲಗಡೆಯದು ಕಾಫಿಪುಡಿ ಬಣ್ಣ, ಎಡಗಡೆಯದು ಸುಣ್ಣದಂತೆ ಬಿಳುಪು. ಪೆಟ್ರೋಲ್ ಸಾಲದೆ ಎಡ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗಿತ್ತು. ಸಿಲಿಂಡರನ್ನು ಕೊರೆಸಿ ಅಗಲ ಮಾಡಿಸಬೇಕಾಯಿತು, 0.50 ಮಿಲಿಮೀಟರ್ ಓವರ್‌ಸೈಜ್‌ನಲ್ಲಿದ್ದದ್ದು 0.75ಕ್ಕೆ ಹೋಯಿತು. ಇನ್ನೊಂದು ಸಲ ಬೋರ್ ಮಾಡಿಸಿದರೆ 1.00, ಅಲ್ಲಿಗೆ ಮುಗಿಯಿತು. ಆಮೇಲೆ ಹೊಸ ಲೈನರ್ ಕೂರಿಸಬೇಕು. ಫೋರ್ಕ್ ಬಿಚ್ಚಿದರೆ ಮತ್ತೆ ಹಾಕಬಹುದು, ಸಿಲಿಂಡರಿನಿಂದ ಒಮ್ಮೆ ತೆಗೆದ ಕಬ್ಬಿಣ ವಾಪಸ್ ಬರುತ್ತದಾ?

ನನ್ನ ಗಾಡಿಯ ಮೊದಲಿನ ಮಾಲೀಕರು ಎಂಜಿನ್ನಿಗೆ ತಾನಾಗಿ ಆಯಿಲ್ ಕೊಡುವ ಪಂಪನ್ನೂ ತೆಗೆಸಿ, ಪೆಟ್ರೋಲಿಗೇ ಆಯಿಲ್ ಬೆರೆಸುತ್ತಿದ್ದರು. ನಾನೂ ಹಾಗೇ ಮುಂದುವರಿಸಿದ್ದೆ. ಇದನ್ನು ಕೇಳಿ ಮಾವ ನಿಜವಾಗಲೂ ಸಿಟ್ಟಾದರು.

"ಅಲ್ಲ ಕಣೋ, ಘಾಟಿ ಇಳಿಯುವಾಗ ಎಕ್ಸಿಲೇಟರ್ ಪೂರ್ತಿ ಬಿಟ್ಟಿರ್ತೀಯ. ಪೆಟ್ರೋಲೇ ಹೋಗಲ್ಲ ಅಂದ್ಮೇಲೆ ಆಯಿಲ್ ಎಲ್ಲಿಂದ ಹೋಗುತ್ತೆ? ಎಂಜಿನ್ ಮಾತ್ರ ಜೋರಾಗಿ ತಿರುಗ್ತಾ ಇರುತ್ತೆ."

ಪಂಪ್ ಇದ್ದರೆ ಎಂಜಿನ್ ತಿರುಗಿದಷ್ಟೂ ಒಂದಿಷ್ಟು ಆಯಿಲ್ ಹೋಗುತ್ತಲೇ ಇರುತ್ತದೆ. ಮಾವ ಹೇಳಿದ್ದೇ ಸರಿ. ಪಂಪಿನ ಗೇರ್ ಸವೆದಿದೆಯಾ ಅಂತ ಆಗಾಗ ನೋಡಬೇಕು, ಅಷ್ಟೇ.

ಬಣ್ಣದ ಬಗ್ಗೆ ಇಷ್ಟೇ: ಮಾವನ ಟ್ಯಾಂಕಿನ ಗೀರುಗಳನ್ನು ನಾನು ಮುಟ್ಟಿಸುವುದಿಲ್ಲ.

ಕೊನೇ ದಿನ ಮಾವ ನನ್ನ ಗಾಡಿಯಲ್ಲಿ ಸೋಮೇಶ್ವರದವರೆಗೆ ಇಳಿದು ಹತ್ತಿ ಬಂದರು. ಹೆಲ್ಮೆಟ್ ತೆಗೆದು ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಡಿಸ್ಕನ್ನು ತುಂಬ ಹೊತ್ತು ನೋಡಿದರು. "ಆ ಪೈಪಿನ ಸೌಂಡು ಬೇಡ. ಇದೊಂದು ನನಗೂ ಮಾಡಿಸಿಕೊಡು" ಅಂದರು. ಬೆಂಗಳೂರಿಗೆ ಬಂದ ಮೇಲೆ ಅದೇ ತರದ ಫೋರ್ಕ್ ಸೆಟ್ ಒಂದನ್ನು ಹುಡುಕಿ ಬಸ್ಸಿಗೆ ಹಾಕಿ ಕಳಿಸಿದೆ. ಅವರ ಡ್ರಮ್ ಚಕ್ರ ಈಗ ಗೋಣಿಚೀಲದಲ್ಲಿ ಸುತ್ತಿಕೊಂಡು ಅಟ್ಟದ ಮೇಲಿದೆ. ನನ್ನ ಗಾಡಿಗೆ ಆಯಿಲ್ ಪಂಪ್ ವಾಪಸ್ ಬಂತು, ಹಳೇ ಸೈಲೆನ್ಸರೂ ಬಂತು. ಚೇಂಬರ್‌ಗಳನ್ನು ಮಾರಲು ಇಟ್ಟಿದ್ದೇನೆ. ತೆಗೆದುಕೊಳ್ಳುವವರಿಗೆ ಜೆಟ್ ವಿಷಯ ಮೊದಲೇ ಹೇಳುತ್ತೇನೆ.