ಬೈಕಿಗೆ ಎಕ್ಸ್ಟ್ರಾ ಲೈಟ್: ಹೆಡ್‌ಲೈಟ್ ವೈರಿನಿಂದಲೋ, ರಿಲೇ ಹಾಕಿಯೋ, ಫ್ಯೂಸ್ ಬಾಕ್ಸ್ ಇಟ್ಟೋ?

ಎಕ್ಸ್ಟ್ರಾ ಲೈಟ್ ಕೊಳ್ಳುವವರು ಮೊದಲು ವಿಚಾರಿಸುವುದು ಎಷ್ಟು ವ್ಯಾಟ್, ಯಾವ ಬ್ರ್ಯಾಂಡ್ ಅಂತ. ಅದಕ್ಕೆ ಕರೆಂಟ್ ಎಲ್ಲಿಂದ ಎಳೆಯುತ್ತೀರಿ ಅಂತ ಮೆಕ್ಯಾನಿಕ್‌ನನ್ನು ಕೇಳುವವರು ಕಡಿಮೆ. ಆದರೆ ಮಳೆಗಾಲದ ರಾತ್ರಿ ಚಾರ್ಮಾಡಿಯಲ್ಲೋ ಆಗುಂಬೆಯ ತಿರುವಿನಲ್ಲೋ ಲೈಟ್ ಕೈಕೊಟ್ಟರೆ, ಹತ್ತರಲ್ಲಿ ಒಂಬತ್ತು ಸಲ ತಪ್ಪು ಲೈಟಿನದ್ದಲ್ಲ, ವೈರಿಂಗಿನದ್ದು. ಹಾಗಾಗಿ ವೈರಿಂಗ್ ಹೋಲಿಕೆ ಮೊದಲು, ಲೈಟಿನ ಮಾತು ಆಮೇಲೆ.

ಹೋಲಿಕೆಗೆ ಇಟ್ಟುಕೊಂಡದ್ದು ಹ್ಯಾಲೊಜೆನ್ ಹೆಡ್‌ಲೈಟ್ ಇರುವ ಜೆ ಸರಣಿ ಎಂಜಿನ್ನಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಕ್ರ್ಯಾಶ್ ಗಾರ್ಡ್ ಮೇಲೆ 40 ವ್ಯಾಟಿನ ಎರಡು ಎಲ್‌ಇಡಿ. ಒಟ್ಟು 80 ವ್ಯಾಟ್. ಎಂಜಿನ್ ಓಡುವಾಗಿನ 13.5 ವೋಲ್ಟಿಗೆ ಭಾಗಿಸಿದರೆ ಸುಮಾರು 6 ಆಂಪಿಯರ್. ಬ್ಯಾಟರಿ 12 ವೋಲ್ಟ್, 8 ಎಎಚ್ (ಆಂಪಿಯರ್-ಅವರ್).

ಹೆಡ್‌ಲೈಟ್ ವೈರಿಗೆ ಗಂಟು

ವೈರ್ ಸುಲಿದು, ತಿರುಚಿ, ಟೇಪ್ ಸುತ್ತಿದರೆ ಕೆಲಸ ಮುಗಿಯಿತು. ಅರ್ಧ ಗಂಟೆಯೂ ಬೇಡ, ಖರ್ಚೂ ಇಲ್ಲ. ತೊಂದರೆ ಇರುವುದು ಆಂಪಿಯರ್ ಲೆಕ್ಕದಲ್ಲಿ. ಹೆಡ್‌ಲೈಟಿನ ಎಚ್4 ಬಲ್ಬಿನ ಡಿಮ್ ಕಡೆ 55 ವ್ಯಾಟ್, ಅಂದರೆ ಸುಮಾರು 4 ಆಂಪಿಯರ್. ಕಂಪನಿ ವೈರ್, ಸ್ವಿಚ್, ಫ್ಯೂಸ್ ಎಲ್ಲವನ್ನೂ ಅದಕ್ಕೆ ತಕ್ಕ ಹಾಗೆ ಇಟ್ಟಿರುತ್ತದೆ. ಈಗ ಅದರ ಮೇಲೆ ಇನ್ನೂ 6 ಹೇರಿದರೆ ಡಿಮ್-ಬ್ರೈಟ್ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಬಿಸಿಯಾಗುತ್ತದೆ, ಕಪ್ಪಾಗುತ್ತದೆ, ಕೊನೆಗೆ ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ವೋಲ್ಟೇಜ್ ಕುಸಿದು ಮೂಲ ಹೆಡ್‌ಲೈಟೇ ಮಂಕಾಗುತ್ತದೆ. ಹ್ಯಾಲೊಜೆನ್‌ಗೆ ಸಿಗುವ ವೋಲ್ಟೇಜ್ 5% ಇಳಿದರೆ ಬೆಳಕು ಸುಮಾರು 16% ಇಳಿಯುತ್ತದೆ.

ಇದಕ್ಕಿಂತ ಅಪಾಯ ಇನ್ನೊಂದಿದೆ. ಲೈಟಿನೊಳಗೆ ನೀರು ಹೊಕ್ಕು ಶಾರ್ಟ್ ಆದರೆ ಹಾರುವುದು ಹೆಡ್‌ಲೈಟಿನ ಫ್ಯೂಸ್. ಎರಡೂ ಒಟ್ಟಿಗೆ ಆರುತ್ತವೆ, ಅದೂ ಓಡುತ್ತಿರುವಾಗ. ಪದೇ ಪದೇ ಹಾರುತ್ತದೆ ಅಂತ ದೊಡ್ಡ ಫ್ಯೂಸ್ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫ್ಯೂಸ್ ಇರುವುದು ವೈರ್ ಉಳಿಸಲು. ಅದು ದೊಡ್ಡದಾದರೆ ಮೊದಲು ಸುಡುವುದು ಟ್ಯಾಂಕ್ ಕೆಳಗಿನ ವೈರ್. ಏಪ್ರಿಲ್ 2017ರ ನಂತರದ ಬೈಕುಗಳಲ್ಲಿ ಹೆಡ್‌ಲೈಟ್ ಸದಾ ಉರಿಯುವುದರಿಂದ, ಬೇರೆ ಸ್ವಿಚ್ ಇಡದಿದ್ದರೆ ಈ ಲೈಟುಗಳೂ ಹಗಲಿಡೀ ಉರಿಯುತ್ತವೆ. 1 ಆಂಪಿಯರ್ ಒಳಗಿನ ಚಿಕ್ಕ ಸಾಮಾನಿಗೆ ಬಿಟ್ಟರೆ ಈ ದಾರಿ ಬೇಡ.

ರಿಲೇ

ಎರಡು ಲೈಟ್ ಹಾಕುವ ಯಾರಿಗಾದರೂ ನಮ್ಮ ಉತ್ತರ ಇದೇ. ರಿಲೇ ಅಂದರೆ ಒಳಗಿನ ಕಾಯಿಲಿಗೆ ಸಣ್ಣ ಕರೆಂಟ್ ಕೊಟ್ಟಾಗ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಲೈಟಿನ ಕರೆಂಟ್ ಬ್ಯಾಟರಿಯಿಂದ ನೇರ ಬರುತ್ತದೆ. ಹ್ಯಾಂಡಲ್ ಸ್ವಿಚ್ ಮೂಲಕ ಹೋಗುವುದು ರಿಲೇ ಕಾಯಿಲಿನ ಸುಮಾರು 0.15 ಆಂಪಿಯರ್ ಮಾತ್ರ. ಬೇಕಾದ್ದು ನಾಲ್ಕು ಪಿನ್ನಿನ 12 ವೋಲ್ಟ್ ರಿಲೇ, ಅದರ ಸಾಕೆಟ್, ನೀರು ಹೋಗದ ಫ್ಯೂಸ್ ಹೋಲ್ಡರ್, 10 ಆಂಪಿಯರ್ ಬ್ಲೇಡ್ ಫ್ಯೂಸ್, 1.5 ಚದರ ಮಿಮೀ ತಾಮ್ರದ ವೈರ್. ಬೆಂಗಳೂರಿನವರಿಗೆ ರಿಲೇ, ಸಾಕೆಟ್ ಜೆ.ಸಿ. ರಸ್ತೆಯಲ್ಲಿ, ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ), ಲಗ್ (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ) ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ.

30ನೇ ಪಿನ್ನಿಗೆ ಬ್ಯಾಟರಿ ಪ್ಲಸ್, ಫ್ಯೂಸ್ ದಾಟಿ. ಆ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ, ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಕಾವಲು ಯಾವುದೂ ಇಲ್ಲ. 87ರಿಂದ ಲೈಟಿಗೆ. 86ಕ್ಕೆ ಸ್ವಿಚ್ ಮೂಲಕ ಬರುವ ಟ್ರಿಗರ್ (ರಿಲೇ ಆನ್ ಮಾಡುವ ವೈರ್), 85 ಅರ್ತಿಗೆ. ಒಳಗೆ ಡಯೋಡ್ ಇರುವ ರಿಲೇ ಆದರೆ 85, 86 ಅದಲುಬದಲಾಗಕೂಡದು. ಅದಲುಬದಲಾದರೆ ಸ್ವಿಚ್ ಒತ್ತಿದ ಕ್ಷಣ ಟ್ರಿಗರ್ ಕಡೆಯ ಫ್ಯೂಸ್ ಹಾರುತ್ತದೆ. ಪಿನ್ನುಗಳು ಕೆಳಮುಖವಾಗಿ, ಎಂಜಿನ್ ಕಾವಿನಿಂದ ದೂರ ಇರುವಂತೆ ರಿಲೇ ಕಟ್ಟಿ. ಮೇಲ್ಮುಖವಾಗಿ ಕಟ್ಟಿದರೆ ಸಾಕೆಟ್ಟಿನಲ್ಲಿ ನೀರು ನಿಂತು ಪಿನ್ ಹಸಿರುಗಟ್ಟುತ್ತದೆ.

ಟ್ರಿಗರ್ ಎಲ್ಲಿಂದ ತೆಗೆಯಬೇಕು ಅನ್ನುವುದು ಯಾವ ಬಗೆಯ ಲೈಟ್ ಅನ್ನುವುದರ ಮೇಲೆ ನಿಂತಿದೆ. ದೂರಕ್ಕೆ ಹೊಡೆಯುವ ಸ್ಪಾಟ್ ಆದರೆ ಹೈ ಬೀಮ್ ವೈರಿನಿಂದ ತೆಗೆಯಿರಿ. ಎದುರು ಗಾಡಿ ಬಂತೆಂದು ಡಿಮ್ ಮಾಡಿದ ಕೂಡಲೇ ಅದೂ ತಾನಾಗಿ ಆರುತ್ತದೆ. ಮಂಜಿಗೆ ಹಾಕಿದ, ಅಗಲಕ್ಕೆ ಹರಡುವ ಫ್ಲಡ್ ಆದರೆ ಚಿಕ್ಕ ಪೈಲಟ್ (ಪಾರ್ಕಿಂಗ್) ಲ್ಯಾಂಪಿನಿಂದ. ಸದಾ ಪ್ಲಸ್ ಇರುವ ವೈರಿನಿಂದ ತೆಗೆದರೆ ಕೀ ತೆಗೆದಮೇಲೂ ಲೈಟ್ ಉರಿಯಬಲ್ಲದು.

ರೆಡಿಮೇಡ್ ಹಾರ್ನೆಸ್ (ಜೋಡಿಸಿಟ್ಟ ವೈರಿನ ಕಟ್ಟು) ಕೊಂಡರೆ ವೈರಿನ ತುದಿ ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರ ಬಳಿದ ಅಲ್ಯೂಮಿನಿಯಂ ಇರಬಹುದು. ತವರ ಲೇಪಿಸಿದ ತಾಮ್ರವಾದರೆ ಕೆರೆದಾಗ ಕೆಂಪು ಕಾಣುತ್ತದೆ. ವೈರಿನ ದಪ್ಪದ ಲೆಕ್ಕವೂ ಮುಖ್ಯ: ಹೋಗಿ ಬರುವ ಒಟ್ಟು 4 ಮೀಟರಿಗೆ 0.5 ಚದರ ಮಿಮೀ ವೈರ್ ಹಾಕಿದರೆ 6 ಆಂಪಿಯರಿನಲ್ಲಿ ಹತ್ತಿರ ಹತ್ತಿರ 1 ವೋಲ್ಟ್ ನಷ್ಟ, 1.5 ಹಾಕಿದರೆ 0.3. ಒಳಗೆ ಒಳ್ಳೆಯ ಡ್ರೈವರ್ (ಕರೆಂಟ್ ಹದಗೊಳಿಸುವ ಸರ್ಕ್ಯೂಟ್) ಇರುವ ಎಲ್‌ಇಡಿ ವೋಲ್ಟೇಜ್ ಇಳಿದರೆ ಮಂಕಾಗುವುದಿಲ್ಲ, ಬದಲಿಗೆ ಹೆಚ್ಚು ಆಂಪಿಯರ್ ಎಳೆಯುತ್ತದೆ. ಸಣ್ಣ ವೈರ್ ಮತ್ತಷ್ಟು ಬಿಸಿಯಾಗುತ್ತದೆ.

ಜೋಡಣೆಗೆ ಬೆಸುಗೆಗಿಂತ ಕ್ರಿಂಪ್ (ಲೋಹದ ಕೊಂಡಿಯನ್ನು ಇಕ್ಕಳದಿಂದ ಅದುಮಿ ಬಿಗಿಯುವುದು) ವಾಸಿ. ಬೆಸುಗೆ ಹಾಕಿದ ಕಡೆ ಎಳೆಗಳು ಒಂದೇ ಕಡ್ಡಿಯಂತೆ ಗಟ್ಟಿಯಾಗುತ್ತವೆ, ಸಿಂಗಲ್ ಸಿಲಿಂಡರಿನ ನಡುಕಕ್ಕೆ ಸರಿಯಾಗಿ ಬೆಸುಗೆ ಮುಗಿಯುವ ಅಂಚಿನಲ್ಲೇ ತುಂಡಾಗುತ್ತವೆ. ಕ್ರಿಂಪ್ ಮಾಡಿ ಎಳೆದು ನೋಡಿ, ಆಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಅರ್ತನ್ನು ಪೇಂಟ್ ಬಳಿದ ಕ್ರ್ಯಾಶ್ ಗಾರ್ಡಿಗೆ ಬಿಗಿಯಬೇಡಿ. ಬ್ಯಾಟರಿ ಮೈನಸ್‌ಗೇ ತನ್ನಿ. ಲೈಟ್ ಮಿಣುಕುವ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಅರ್ತ್. ವೈರ್ ಕಟ್ಟುವ ಮುಂಚೆ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ಎಳೆಯುತ್ತಿಲ್ಲ, ಸಿಕ್ಕಿಕೊಳ್ಳುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಫ್ಯೂಸ್ ಬಾಕ್ಸ್

ಲೈಟ್, ಮೊಬೈಲ್ ಚಾರ್ಜರ್, ಜೋಡಿ ಹಾರ್ನ್ ಎಲ್ಲ ಬೇಕು ಅನ್ನುವವರಿಗೆ ಮಾತ್ರ ಇದು. ಬ್ಯಾಟರಿ ಪ್ಲಸ್ಸಿಗೆ ನಾಲ್ಕು ಲಗ್ ಪೇರಿಸಿದರೆ ಬೋಲ್ಟ್ ಸಡಿಲವಾಗಿ, ಸ್ಟಾರ್ಟ್ ಒತ್ತಿದಾಗ ಬರೀ ಟಿಕ್ ಟಿಕ್ ಕೇಳುತ್ತದೆ. ಅದರ ಬದಲು 20 ಆಂಪಿಯರಿನ ಒಂದು ಮುಖ್ಯ ಫ್ಯೂಸ್, ಕೀ ಜೊತೆ ಆನ್ ಆಗುವ ಒಂದು ರಿಲೇ, ಅಲ್ಲಿಂದ ಬಾಕ್ಸ್: ಲೈಟಿಗೆ 10, ಚಾರ್ಜರಿಗೆ 3, ಹಾರ್ನಿಗೆ 15. ಬಾಕ್ಸ್ ತಲುಪುವ ಮುಖ್ಯ ವೈರ್ 2.5 ಚದರ ಮಿಮೀ. ಲೈಟಿಗೂ ಹಾರ್ನಿಗೂ ಅವುಗಳದ್ದೇ ರಿಲೇ ಆಗಲೂ ಬೇಕು. ದುಡ್ಡೂ ಜಾಗವೂ ಹೆಚ್ಚು, ಕ್ಲಾಸಿಕ್‌ನ ಸೈಡ್ ಪ್ಯಾನೆಲ್ ಒಳಗೆ ಇಕ್ಕಟ್ಟು.

ಇದರ ನಿಜವಾದ ಲಾಭ ಚಾರ್ಜರ್ ವಿಷಯದಲ್ಲಿ ಕಾಣುತ್ತದೆ. ಫೋನ್ ಹಾಕದೆ ಇದ್ದರೂ ಯುಎಸ್‌ಬಿ ಚಾರ್ಜರ್ ಹತ್ತಿಪ್ಪತ್ತು ಮಿಲಿಆಂಪಿಯರ್ ಕುಡಿಯಬಹುದು. 10 ಮಿಲಿಆಂಪಿಯರ್ ಅಂದರೂ 30 ದಿನಕ್ಕೆ 7.2 ಎಎಚ್. ಬ್ಯಾಟರಿಗೆ ನೇರ ಕೊಟ್ಟು ಬೈಕ್ ಒಂದು ತಿಂಗಳು ನಿಲ್ಲಿಸಿದರೆ 8 ಎಎಚ್ ಬ್ಯಾಟರಿ ಮಲಗುವುದು ಖಂಡಿತ. ಬಾಕ್ಸಿನಿಂದ ಕೊಟ್ಟರೆ ಕೀ ತೆಗೆದ ಕೂಡಲೇ ಚಾರ್ಜರಿಗೂ ಕರೆಂಟ್ ನಿಲ್ಲುತ್ತದೆ.

ಯಾವ ದಾರಿ ಹಿಡಿದರೂ ಕೊನೆಗೆ ಮಲ್ಟಿಮೀಟರ್ ಇಟ್ಟು ನೋಡಲೇಬೇಕು. ಎಲ್ಲ ಆನ್ ಮಾಡಿ ಐಡಲ್‌ನಲ್ಲಿ ಬ್ಯಾಟರಿ ಮೇಲೆ 13 ವೋಲ್ಟ್ ದಾಟಿದರೆ ಚಿಂತೆ ಇಲ್ಲ. 12.6ಕ್ಕಿಂತ ಕೆಳಗೆ ಜಾರುತ್ತಿದ್ದರೆ ಬ್ಯಾಟರಿ ಕರಗುತ್ತಿದೆ ಅಂತ ಅರ್ಥ. ಸಿಗ್ನಲ್‌ನಲ್ಲಿ ನಿಂತಾಗ ಲೈಟ್ ಆರಿಸಿ. ಓಡುವ ವೇಗದ ಆರ್‌ಪಿಎಂನಲ್ಲೂ 13.5ಕ್ಕೆ ಏರದಿದ್ದರೆ ಲೈಟಿನ ವ್ಯಾಟ್ ಇಳಿಸಬೇಕು.

ಯಾವ ಬೆಳಕು

ಮಂಜು, ಮಳೆಗೆ ಹಳದಿ ಫ್ಲಡ್. ಬಯಲುಸೀಮೆಯ ನೇರ ಹೆದ್ದಾರಿಗೆ ಬಿಳಿ ಸ್ಪಾಟ್. ಹಳದಿ ಮಂಜನ್ನು ಸೀಳಿಕೊಂಡು ಹೋಗುತ್ತದೆ ಅನ್ನುವುದು ಸರಿಯಲ್ಲ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತವೆ. ಹಳದಿಯಲ್ಲಿ ಕಣ್ಣಿಗೆ ಚುಚ್ಚುವ ನೀಲಿ ಕಡಿಮೆ, ಅಷ್ಟೇ ಅನುಕೂಲ. ಮಂಜಿನಲ್ಲಿ ಬಣ್ಣಕ್ಕಿಂತ ಎತ್ತರ ಮುಖ್ಯ: ಲೈಟ್ ಕೆಳಗಿದ್ದಷ್ಟೂ ಕಣ್ಣಿಗೆ ವಾಪಸ್ ಬರುವ ಬೆಳಕು ಕಡಿಮೆ.

ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮ ನೋಂದಣಿ ಅಧಿಕಾರಿಯ ಒಪ್ಪಿಗೆ ಇಲ್ಲದೆ ಮುಂದೆ ಸ್ಪಾಟ್ ಲೈಟ್ ಹಾಕುವುದನ್ನು ನಿಷೇಧಿಸುತ್ತದೆ. ಕಣ್ಣು ಕೋರೈಸುವ ಎಲ್‌ಇಡಿಗಳ ಮೇಲೆ ಜುಲೈ 2024ರಿಂದ ಕರ್ನಾಟಕ ಪೊಲೀಸರು ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಅಡಿ ಕೇಸ್ ಹಾಕಲು ಶುರುಮಾಡಿದರು. ಆದ್ದರಿಂದ ಫ್ಲಡ್ ಕಡೆಗೇ ನಮ್ಮ ಒಲವು, ಅದೂ ತಗ್ಗಿಸಿ ಕೂರಿಸಿದ್ದು. ಗೋಡೆಯಿಂದ 7.5 ಮೀಟರ್ ದೂರ ಬೈಕ್ ನಿಲ್ಲಿಸಿ, ಲೈಟಿನ ನಡುಮಟ್ಟವನ್ನು ಗೋಡೆ ಮೇಲೆ ಗುರುತು ಹಾಕಿ. ಬೆಳಕಿನ ಗಾಢ ಭಾಗ ಆ ಗುರುತಿಗಿಂತ 15 ಸೆಂಮೀ ಕೆಳಗೆ ಬೀಳಲಿ. ಲೈಟ್ 60 ಸೆಂಮೀ ಎತ್ತರದಲ್ಲಿದ್ದರೆ ಅದು 30 ಮೀಟರಿಗೆ ನೆಲ ಮುಟ್ಟುತ್ತದೆ. ಅಳೆಯುವಾಗ ಸೀಟಿನ ಮೇಲೆ ಸವಾರ ಕೂತಿರಬೇಕು, ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಹೋಗುವ ರೂಢಿ ಇದ್ದರೆ ಅವರೂ ಕೂತಿರಬೇಕು. ಹಿಂದಿನ ಶಾಕ್ ಕುಸಿದಷ್ಟೂ ಬೀಮ್ ಮೇಲೇಳುತ್ತದೆ.