ಹಳೇ ಡೀಸೆಲ್ ಪಿಕಪ್‌ಗೆ ಪವರ್ ಜಾಸ್ತಿ ಮಾಡಿಸುವ ಮುಂಚೆ ಹಾಸನದ ಈ ಗ್ಯಾರೇಜಿಗೆ ತೋರಿಸಿ

ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಕೆಲಸಕ್ಕೆ ಮಾತ್ರ ಕೊಡುವುದಾದರೆ ಐದೂ ಕೊಡುತ್ತಿದ್ದೆ.

ನನ್ನದು 2016ರ ಇಸುಜು ವಿ-ಕ್ರಾಸ್. 2.5 ಲೀಟರ್ ಟರ್ಬೊ ಡೀಸೆಲ್, 5 ಗೇರ್, ಕಂಪನಿ ಲೆಕ್ಕದಲ್ಲಿ 134 ಎಚ್‌ಪಿ, 320 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಮೂಡಿಗೆರೆ ಕಡೆ ತೋಟ ಇರುವವರಿಗೆ ಈ ಗಾಡಿ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಫೋರ್ ವೀಲ್ ಹಾಕಿದರೆ ತೋಟದ ಯಾವ ಮೂಲೆಗಾದರೂ ಹೋಗುತ್ತದೆ. ಆದರೆ ಬೆಳ್ತಂಗಡಿ ಕಡೆಯಿಂದ ಅಡಿಕೆ ಸಸಿ, ಗೊಬ್ಬರ ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಎಳೆತ ಸಾಲುತ್ತಿರಲಿಲ್ಲ. ಈಗ ಬರುವ 1.9 ಲೀಟರ್ ವಿ-ಕ್ರಾಸ್ 160 ಎಚ್‌ಪಿ ದಾಟುತ್ತದೆ, ಟಾರ್ಕ್ 360. ಹೊಸದು ತಗೊಳ್ಳೋಕೆ ಮನಸ್ಸಿಲ್ಲ, ಇರುವುದನ್ನೇ ಸ್ವಲ್ಪ ಗಟ್ಟಿ ಮಾಡಿಸೋಣ ಅಂತ ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನಲ್ಲಿರುವ ಗಾಳಿ, ಡೀಸೆಲ್ ಲೆಕ್ಕ ಬದಲಿಸುವುದು) ಕೇಳಿಕೊಂಡು ಬೇಲೂರು ಮೇಲೆ ಹಾಸನಕ್ಕೆ ಹೋದೆ.

ಅವರು ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲ. "ಸಾರ್, ಮೊದ್ಲು ಇರೋ ಪವರ್ ಪೂರ್ತಿ ಬರ್ತಿದ್ಯಾ ನೋಡೋಣ, ಆಮೇಲೆ ಜಾಸ್ತಿ ಮಾಡೋ ಮಾತು" ಅಂದರು. ನನಗೆ ಈ ಗ್ಯಾರೇಜು ಇಷ್ಟವಾಗಿದ್ದು ಇಲ್ಲೇ. ಟರ್ಬೊ ತಳ್ಳಿದ ಗಾಳಿ, ಅದನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಮೂಲಕ ಇಂಜಿನ್ನಿಗೆ ಹೋಗುವ ದಾರಿಗೆ ಒತ್ತಡ ಕೊಟ್ಟು ಹೊಗೆ ತುಂಬಿ ನೋಡಿದರು. ಒಂದು ಹೋಸ್ ಪೈಪಿನ ಮಡಿಕೆಯಲ್ಲಿ ಹೊಗೆ ಹೊರಗೆ ಬಂತು. ರಬ್ಬರಿಗೆ ವಯಸ್ಸಾಗಿದೆ, ಅದು ಕಂಪನಿಯ ತಪ್ಪಲ್ಲ. ಗಾಡಿ ನಿಂತಿದ್ದಾಗ ಆ ಸೀಳು ಕಾಣುವುದೇ ಇಲ್ಲ, ಲೋಡಲ್ಲಿ ಗಾಳಿ ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಗಾಳಿ ಸೋರಿದರೆ ಹಾಕಿದ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಪವರ್ ಕಮ್ಮಿ, ಹೊಗೆ ಜಾಸ್ತಿ, ಇಂಜಿನ್ ಒಳಗೆ ಬಿಸಿಯೂ ಜಾಸ್ತಿ. ಇಂಥ ಗಾಡಿಗೆ ಇನ್ನಷ್ಟು ಡೀಸೆಲ್ ಸುರಿಯುವ ಮ್ಯಾಪ್ ಹಾಕಿದ್ದರೆ ಏನಾಗುತ್ತಿತ್ತು ಯೋಚಿಸಿ.

ಆಮೇಲೆ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ರಿಟರ್ನ್ ಪೈಪಿಗೆ ಒಂದೊಂದು ಬಾಟಲಿ ಕಟ್ಟಿ ಇಂಜಿನ್ ಓಡಿಸಿದರು. ನಾಲ್ಕರಲ್ಲೂ ವಾಪಸ್ ಬರುವ ಡೀಸೆಲ್ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರಬೇಕು. ಯಾವುದಾದರೂ ಒಂದು ಬಾಟಲಿ ಬೇಗ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ ಅಂತ ಅರ್ಥ. ನನ್ನವು ಸರಿಯಾಗಿದ್ದವು. ಕಂಪ್ರೆಷನ್ನೂ ನೋಡಿದರು. ಇಜಿಆರ್ ವಾಲ್ವ್ (ಮಾಲಿನ್ಯ ಕಮ್ಮಿ ಮಾಡಲು ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್ನಿಗೆ ಬಿಡುವ ಭಾಗ) ಬಿಚ್ಚಿ ಮಸಿ ಕೆರೆದರು. ಅದನ್ನು ಪೂರ್ತಿ ಮುಚ್ಚಿಸಿಬಿಡಿ ಅಂತ ಹೇಳುವವರು ಊರು ತುಂಬಾ ಇದ್ದಾರೆ. ಇವರು ಕೇಳಿದವರಿಗೂ ಮುಚ್ಚಿ ಕೊಡುವುದಿಲ್ಲವಂತೆ. ಎಮಿಷನ್ ಭಾಗ ಕಿತ್ತು ಪವರ್ ಮಾಡುವುದು ಕಾನೂನಿಗೂ ಸರಿಯಲ್ಲ, ಹಿಂದೆ ಬರುವ ಬೈಕಿನವನ ಮುಖಕ್ಕೂ ಸರಿಯಲ್ಲ. ರೇಡಿಯೇಟರ್ ಮತ್ತು ಇಂಟರ್‌ಕೂಲರ್ ರೆಕ್ಕೆಗಳ ನಡುವೆ ಕೆಂಪು ಮಣ್ಣು, ಒಣಗಿದ ತರಗು ಸಿಕ್ಕಿಕೊಂಡಿತ್ತು. ಅದನ್ನೂ ನಿಧಾನ ನೀರಲ್ಲಿ ತೊಳೆದರು.

ಪೈಪು ಬದಲಾಯಿಸಿ, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹಾಕಿ, ಮ್ಯಾಪ್ ಮುಟ್ಟದೆ ಗಾಡಿ ವಾಪಸ್ ಕೊಟ್ಟರು. "ಒಂದ್ಸಲ ಘಾಟಿ ಹತ್ತಿಸಿ ನೋಡಿ, ಇಷ್ಟು ಸಾಕು ಅನ್ಸಿದ್ರೆ ಬರಬೇಡಿ." ದುಡ್ಡು ಬರುವ ಕೆಲಸವನ್ನು ಹೀಗೆ ಬಿಟ್ಟು ಕಳಿಸುವ ಗ್ಯಾರೇಜು ಎಷ್ಟಿವೆ ಹೇಳಿ? ಘಾಟಿಯಲ್ಲಿ ನೋಡಿದರೆ ನಿಜಕ್ಕೂ ಅರ್ಧ ಕೊರತೆ ಹೋಗಿತ್ತು. ಉಳಿದರ್ಧಕ್ಕೆ ಮತ್ತೆ ಹೋದೆ.

ಇಲ್ಲಿ ಟ್ಯೂನಿಂಗ್ ಬಾಕ್ಸ್, ಅಂದರೆ ಪವರ್ ಏರಿಸಲು ಇಂಜಿನ್ ವೈರಿಂಗಿಗೆ ಸಿಕ್ಕಿಸುವ ಸಣ್ಣ ಡಬ್ಬಿಯ ಬಗ್ಗೆ ಒಂದು ಮಾತು. ನಮ್ಮ ಕಡೆ ತುಂಬಾ ಜನ ಅದನ್ನು ಆನ್‌ಲೈನಲ್ಲಿ ತರಿಸಿ ತಾವೇ ಸಿಕ್ಕಿಸಿಕೊಳ್ಳುತ್ತಾರೆ. ಅಗ್ಗದ ಬಾಕ್ಸುಗಳಲ್ಲಿ ಹೆಚ್ಚಿನವು ಮಾಡುವುದು ಇಷ್ಟೇ: ಕಾಮನ್ ರೈಲಿನಲ್ಲಿ (ಇಂಜೆಕ್ಟರ್‌ಗಳಿಗೆ ಡೀಸೆಲ್ ಕೊಡುವ ಹೈ ಪ್ರೆಷರ್ ಪೈಪು) ಒತ್ತಡ ಕಮ್ಮಿ ಇದೆ ಅಂತ ಇಸಿಯುಗೆ, ಅಂದರೆ ಇಂಜಿನ್ ಕಂಪ್ಯೂಟರಿಗೆ, ಸುಳ್ಳು ಹೇಳುತ್ತವೆ. ಇಸಿಯು ನಂಬಿ ಒತ್ತಡ ಏರಿಸುತ್ತದೆ. ಡೀಸೆಲ್ ಜಾಸ್ತಿ ಹೋಗುತ್ತದೆ, ನಿಜ. ಆದರೆ ಹೈ ಪ್ರೆಷರ್ ಪಂಪು, ಇಂಜೆಕ್ಟರ್ ಎರಡೂ ತಮ್ಮ ಮಿತಿ ಮೀರಿ ದುಡಿಯುತ್ತವೆ, ಗಾಳಿಯ ಲೆಕ್ಕ ಹಾಗೇ ಉಳಿಯುತ್ತದೆ. ಹಳೇ ಇಂಜಿನ್ನಿಗೆ ದಯವಿಟ್ಟು ಇದನ್ನು ಮಾಡಬೇಡಿ. ಕಪ್ಪು ಹೊಗೆ ಬಂದರೆ ಪವರ್ ಬಂತು ಅಂದುಕೊಳ್ಳುವವರಿಗೂ ಇದೇ ಮಾತು. ಆ ಹೊಗೆ ನೀವು ದುಡ್ಡು ಕೊಟ್ಟು ಹಾಕಿಸಿದ, ಉರಿಯದೆ ಹೊರಟ ಡೀಸೆಲ್.

ಇವರು ಮಾಡಿದ್ದು ಇಸಿಯು ಒಳಗಿನ ಫೈಲನ್ನೇ ಬದಲಿಸುವ ರೀಮ್ಯಾಪ್. ಗಾಳಿ, ಡೀಸೆಲ್ ಎರಡನ್ನೂ ಒಟ್ಟಿಗೆ ಏರಿಸಿದ್ದಾರೆ, ಅದೂ ಸ್ವಲ್ಪವೇ. 1800 ಆರ್‌ಪಿಎಂ ಕೆಳಗೆ ಏನೂ ಏರಿಸಿಲ್ಲ, ಯಾಕೆಂದರೆ ಕಡಿಮೆ ಸ್ಪೀಡಲ್ಲಿ, ದೊಡ್ಡ ಗೇರಲ್ಲಿ ದಿಢೀರ್ ಟಾರ್ಕ್ ಬಂದರೆ ಮೊದಲು ಹೋಗುವುದು ಕ್ಲಚ್, ಆಮೇಲೆ ಪೆಟ್ಟು ತಿನ್ನುವುದು ಕನೆಕ್ಟಿಂಗ್ ರಾಡು. ಎತ್ತರಕ್ಕೆ ಹೋದಾಗ ಟರ್ಬೊ ಜಾಸ್ತಿ ತಿರುಗದ ಹಾಗೆ ಕಂಪನಿ ಇಟ್ಟಿದ್ದ ಕಡಿವಾಣವನ್ನೂ ಮುಟ್ಟಿಲ್ಲ. ನಮ್ಮ ಜಿಲ್ಲೆಗೆ ಇದು ಮುಖ್ಯ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಹತ್ತಿರ ಗಾಳಿ ಸಮುದ್ರ ಮಟ್ಟಕ್ಕಿಂತ ಸುಮಾರು ಆರನೇ ಒಂದು ಭಾಗ ತೆಳುವಾಗಿರುತ್ತದೆ. ಅಷ್ಟೇ ಗಾಳಿ ತುಂಬಿಸಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕಾಗುತ್ತದೆ. ಹಳೇ ಫೈಲನ್ನು ಪೆನ್ ಡ್ರೈವಿಗೆ ಹಾಕಿ ನನ್ನ ಕೈಗೇ ಕೊಟ್ಟರು. ಇದನ್ನು ನೀವೂ ಕೇಳಿ ಇಸ್ಕೊಳ್ಳಿ.

ಎಷ್ಟು ಎಚ್‌ಪಿ ಏರಿತು ಅಂತ ಕೇಳಿದರೆ ನಾನು ನಂಬರ್ ಹೇಳುವುದಿಲ್ಲ. ಇವರ ಹತ್ತಿರ ಡೈನೊ (ಪವರ್ ಅಳೆಯುವ ಯಂತ್ರ) ಇಲ್ಲ, ಅವರೂ ಸುಳ್ಳು ಲೆಕ್ಕ ಕೊಡಲಿಲ್ಲ. ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತು ರೋಡಿಗೆ ಬಂದರು. ಇಸಿಯು ಕೇಳಿದ ಬೂಸ್ಟ್ (ಟರ್ಬೊ ಗಾಳಿಯ ಒತ್ತಡ) ಎಷ್ಟು, ನಿಜವಾಗಿ ಬಂದದ್ದು ಎಷ್ಟು, ರೈಲ್ ಒತ್ತಡ ಎಷ್ಟು ಅಂತ ಗ್ರಾಫ್ ತೋರಿಸಿದರು. ಕೇಳಿದ್ದು, ಬಂದದ್ದು ಎರಡೂ ಗೆರೆ ಜೊತೆಗೇ ಹೋಗುತ್ತಿದ್ದವು. ನನಗೆ ಡೈನೊ ಚೀಟಿಗಿಂತ ಇದೇ ಜಾಸ್ತಿ ನಂಬಿಕೆ ಕೊಟ್ಟಿತು.

ಇವರು ಹಠ ಹಿಡಿದು ಹಾಕಿಸಿದ್ದು ಎಕ್ಸಾಸ್ಟ್ ಟೆಂಪರೇಚರ್ ಮೀಟರ್, ಅಂದರೆ ಇಂಜಿನ್ನಿಂದ ಹೊರಬರುವ ಹೊಗೆಯ ಬಿಸಿ ತೋರಿಸುವ ಮೀಟರ್. ಮೊದಲು ಇದು ಶೋಕಿ ಅನ್ನಿಸಬಹುದು, ಅಲ್ಲ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ತೋರಿಸುವುದು ಕೂಲೆಂಟಿನ (ರೇಡಿಯೇಟರ್ ನೀರಿನ) ಬಿಸಿ. ಪಿಸ್ಟನ್, ಟರ್ಬೊ ಸುಡುವಾಗಲೂ ಅದು ನಡುವಲ್ಲೇ ಇರಬಹುದು. ಸೆನ್ಸರನ್ನು ಟರ್ಬೊಗಿಂತ ಮುಂಚೆ, ಇಂಜಿನ್ನಿನ ಹೊಗೆ ಹೊರಬರುವ ಮ್ಯಾನಿಫೋಲ್ಡಿನಲ್ಲೇ ಕೂರಿಸಬೇಕು, ಟರ್ಬೊ ದಾಟಿದ ಮೇಲೆ ಹಾಕಿದರೆ ಬಹಳ ಕಮ್ಮಿ ತೋರಿಸುತ್ತದೆ. 700 ಡಿಗ್ರಿ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಎಳೆಯಬಾರದು ಅನ್ನುವುದು ಡೀಸೆಲ್ ಟ್ಯೂನಿಂಗ್ ಮಾಡುವವರ ಸಾಮಾನ್ಯ ಲೆಕ್ಕ. ನನ್ನದಕ್ಕೆ ಅದಕ್ಕೂ ಕೆಳಗೇ ಅಲಾರಂ ಇಟ್ಟಿದ್ದಾರೆ. ಚಾರ್ಮಾಡಿಯಲ್ಲಿ ಮೂರನೇ ಗೇರಲ್ಲಿ ಕಾಲು ಒತ್ತಿ ಹಿಡಿದರೆ ನಂಬರ್ ಏರುತ್ತಲೇ ಹೋಗುತ್ತದೆ. ಎರಡಕ್ಕೆ ಇಳಿಸಿ, ಆಕ್ಸಿಲರೇಟರ್ ಸ್ವಲ್ಪ ಬಿಟ್ಟರೆ ಸರಸರ ಇಳಿಯುತ್ತದೆ. ಪವರ್ ಜಾಸ್ತಿ ಆದ ಮೇಲೆ ಗೇರ್ ಬದಲಿಸುವುದೇ ಬೇಡ ಅನ್ನುವುದು ಸುಮ್ನೆ ಮಾತು.

ಕ್ಲಚ್ ಬದಲಾಯಿಸಬೇಕಾಯಿತು. ನಾಲ್ಕನೇ ಗೇರಲ್ಲಿ ಪೂರ್ತಿ ಒತ್ತಿದಾಗ ಆರ್‌ಪಿಎಂ ಏರಿತು, ವೇಗ ಏರಲಿಲ್ಲ. ಪ್ಲೇಟು ಸವೆದಿತ್ತು. ಹಳೇ ಗಾಡಿಗೆ ರೀಮ್ಯಾಪ್ ಮಾಡಿಸುವವರು ಕ್ಲಚ್ ದುಡ್ಡನ್ನೂ ಜೊತೆಗೇ ಎತ್ತಿಟ್ಟುಕೊಳ್ಳಿ. ಎಲ್ಲಾ ಸೇರಿ ಖರ್ಚು ರೀಮ್ಯಾಪಿನ ರೇಟಿಗಿಂತ ಎರಡು ಪಟ್ಟಿಗೂ ಜಾಸ್ತಿ ಆಯಿತು. ನನಗೆ ಬೇಜಾರಿಲ್ಲ. ಎಮಿಷನ್ ಟೆಸ್ಟಿನಲ್ಲೂ ಆರಾಮಾಗಿ ಪಾಸಾಯಿತು.

ಇನ್ನು ಕಮ್ಮಿಯಾದ ಆ ಒಂದು ಸ್ಟಾರ್. ಹೇಳಿದ ದಿನಕ್ಕೆ ಗಾಡಿ ಕೊಡಲಿಲ್ಲ, ಫೋನ್ ಮಾಡಿದರೆ ಎತ್ತಲಿಲ್ಲ. ಮೂಡಿಗೆರೆಯಿಂದ ಬಸ್ ಹತ್ತಿ ಬಂದು "ನಾಳೆ ಸಾರ್" ಅನ್ನಿಸಿಕೊಂಡು ಹೋಗುವುದು ಕಷ್ಟ. ಬಿಲ್ಲಿನಲ್ಲಿ ರೀಮ್ಯಾಪ್ ಅಂತ ಬರೆದುಕೊಡಿ ಅಂತ ನಾನೇ ಕೇಳಬೇಕಾಯಿತು. ಇನ್ಶೂರೆನ್ಸ್ ಕಂಪನಿಗೆ ತಿಳಿಸಬೇಕು ಅನ್ನುವುದನ್ನೂ ಅವರು ಹೇಳಲಿಲ್ಲ. ಇದು ಸಣ್ಣ ವಿಷಯ ಅಲ್ಲ. ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಬದಲಾವಣೆ ಮಾಡಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಮುಚ್ಚಿಟ್ಟ ಬದಲಾವಣೆ ನೆಪ ಮಾಡಿ ಕ್ಲೇಮ್ ತಿರಸ್ಕರಿಸಬಹುದು. ವಾರಂಟಿ ಇನ್ನೂ ಇರುವ ಗಾಡಿಯವರಂತೂ ಈ ದಾರಿಗೆ ಬರಲೇಬೇಡಿ. ಗ್ಯಾರೇಜಿನವರು ಇದನ್ನು ಮೊದಲ ದಿನವೇ ಗಿರಾಕಿಗೆ ಕೂರಿಸಿ ಹೇಳಬೇಕು.

ಹೋಗುವುದಾದರೆ ಕಾಫಿ ಕೊಯ್ಲು ಶುರುವಾಗುವ ಮುಂಚೆ ಹೋಗಿ, ಆಮೇಲೆ ತೋಟದ ಜೀಪುಗಳು ಸಾಲು ಹಿಡಿದಿರುತ್ತವೆ. ಮತ್ತೆ, ಗಾಡಿ ತೋರಿಸುವ ಮುಂಚೆ ಇಂಜಿನ್ ತೊಳೆಸಬೇಡಿ. ಗಾಳಿ ಸೋರುವ ಜಾಗದಲ್ಲಿ ಪೈಪಿನ ಮೇಲೆ ಎಣ್ಣೆ ಜಿಡ್ಡಿನ ಗುರುತು ಕೂತಿರುತ್ತದೆ, ಅವರು ಮೊದಲು ಹುಡುಕುವುದೇ ಅದನ್ನು.