ಕಾರಿನ ಬಾಗಿಲಿನ ರಬ್ಬರ್ ಬೀಡಿಂಗ್: ಎರಡು ಮಳೆಗಾಲ ಕಳೆದ ಮೇಲೆ

ತಿಂಗಳಿಗೆ ನಾಲ್ಕು ಬಾರಿಯಾದರೂ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರುವ ನನ್ನ 13 ವರ್ಷದ ಕಾರಿನಲ್ಲಿ, ಮಳೆಗಾಲ ಬಂತೆಂದರೆ ಚಾಲಕನ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತಿತ್ತು. ಎಸಿಯ ನೀರಿರಬೇಕೆಂದು ಒಂದು ವರ್ಷ ಸುಮ್ಮನಿದ್ದೆ. ಕೊನೆಗೆ ಒಳಗೆ ಕುಳಿತು, ಮಗನಿಂದ ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿಸಿದಾಗ, ಬಾಗಿಲಿನ ಮೇಲಿನ ಮೂಲೆಯಿಂದ ನೀರು ಸಣ್ಣ ಗೆರೆಯಾಗಿ ಇಳಿಯುವುದು ಕಂಡಿತು. ಹತ್ತು ರೂಪಾಯಿಯ ನೋಟನ್ನು ಅಲ್ಲಿಟ್ಟು ಬಾಗಿಲು ಹಾಕಿ ಎಳೆದರೆ ಸಲೀಸಾಗಿ ಹೊರಬಂತು. ಬಾಗಿಲಿನ ಚೌಕಟ್ಟಿನ ಸುತ್ತ ನೀರು ತಡೆಯುವ ಹಳೆಯ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಚಪ್ಪಟೆಯಾಗಿಹೋಗಿತ್ತು.

ಮೊದಲು ಆನ್‌ಲೈನಿನಲ್ಲಿ ತರಿಸಿದ್ದು ಹಿಂಬದಿಗೆ ಗಮ್ ಟೇಪ್ ಇರುವ ಬೀಡಿಂಗ್. ಪೇಂಟ್ ಮೇಲಿನ ಪಾಲಿಶನ್ನು ಸರಿಯಾಗಿ ಒರೆಸದೆ ಅಂಟಿಸಿದ್ದು ನನ್ನದೇ ತಪ್ಪು. ಮೊದಲ ಜಡಿಮಳೆಗೇ ಮೂಲೆಗಳಲ್ಲಿ ಎದ್ದುಬಂತು. ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಹಳೆಯ ರಬ್ಬರಿನ ತುಂಡನ್ನೇ ಮಾದರಿಯಾಗಿ ತೋರಿಸಿ, ಒಳಗೆ ಉಕ್ಕಿನ ಪಟ್ಟಿಯಿದ್ದು ಚೌಕಟ್ಟಿನ ತಗಡಿನ ಅಂಚನ್ನು ಕಚ್ಚಿಕೊಳ್ಳುವ ಇಪಿಡಿಎಂ (ಒಂದು ಬಗೆಯ ಕೃತಕ ರಬ್ಬರ್) ಬೀಡಿಂಗನ್ನು ಮೀಟರ್ ಲೆಕ್ಕದಲ್ಲಿ ತಂದೆ. ಈ ವಿಮರ್ಶೆ ಅದರದ್ದು.

ಕೂರಿಸುವುದಕ್ಕೆ ಗಮ್ ಬೇಡ, ಅಂಗೈ ಮತ್ತು ರಬ್ಬರ್ ಸುತ್ತಿಗೆ ಸಾಕು. ಆದರೆ ಇಡೀ ಕೆಲಸದ ಹಣೆಬರಹ ಕೂಡುವ ಜಾಗದಲ್ಲಿದೆ. ಎರಡು ತುದಿಗಳು ಹೊಸ್ತಿಲಿನ ನಡುವೆ, ಅಂದರೆ ಕೆಳಗೇ ಸೇರಬೇಕು. ಮೇಲೆ ಸೇರಿದರೆ ಸಂದಿನಿಂದ ನೀರು ಒಳಗಿಳಿಯುತ್ತದೆ. ಮೊದಲ ಬಾಗಿಲಿಗೆ ನಾನು ಎಳೆದೆಳೆದು ಹಾಕಿ, ಅಳತೆಗೆ ಸರಿಯಾಗಿ ಕತ್ತರಿಸಿದ್ದೆ. ಎಳೆಸಿಕೊಂಡ ರಬ್ಬರ್ ಮೆಲ್ಲನೆ ತನ್ನ ಅಳತೆಗೆ ಮರಳುವುದರಿಂದ, ಎರಡು ತಿಂಗಳಲ್ಲಿ ತುದಿಗಳ ನಡುವೆ ಅರ್ಧ ಸೆಂಟಿಮೀಟರ್ ಬಿರುಕು ಬಿಟ್ಟಿತು. ಎರಡನೆಯ ಬಾಗಿಲಿಗೆ ಮೂಲೆಗಳಲ್ಲಿ ತುಸು ಸಡಿಲವಾಗಿ ಒತ್ತುತ್ತ ಹೋಗಿ, ಐದಾರು ಮಿಲಿಮೀಟರ್ ಹೆಚ್ಚಾಗಿಯೇ ಕತ್ತರಿಸಿ, ತುದಿಗಳು ಒಂದನ್ನೊಂದು ತಳ್ಳುವಂತೆ ಕೂರಿಸಿದೆ. ಅದು ಇಂದಿಗೂ ಕದಲಿಲ್ಲ.

ಮೊದಲ ಮೂರು ವಾರ ಬಾಗಿಲನ್ನು ಬಡಿದೇ ಹಾಕಬೇಕಾಯಿತು. ಮನೆಯವರು ಲಾಕ್ ಕೆಟ್ಟಿದೆಯೆಂದು ಮೆಕ್ಯಾನಿಕ್‌ಗೆ ಫೋನ್ ಮಾಡುವವರಿದ್ದರು! ರಬ್ಬರ್ ಪಳಗಿದ ಮೇಲೆ ಆ ತೊಂದರೆ ಹೋಯಿತು. ಮ್ಯಾಟ್ ಈಗ ಒಣಗಿದೆ, ಮಣ್ಣುರಸ್ತೆಯ ಧೂಳೂ ಕಡಿಮೆ. ಗಾಳಿಯ ಶಿಳ್ಳೆ ನಿಂತಿದೆಯಾದರೂ ಟೈರಿನ ಸದ್ದು ಹಾಗೆಯೇ ಇದೆ. ಅದಕ್ಕಾಗಿ ಇದನ್ನು ಕೊಳ್ಳಬೇಡಿ.

ಕೊರತೆಗಳೂ ಇವೆ. ಕತ್ತರಿಸಿದ ತುದಿಯಲ್ಲಿ ಬಯಲಾದ ಉಕ್ಕು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯಿತು, ಬೂಟು ತಾಗುವಲ್ಲಿ ರಬ್ಬರ್ ಬೆರಳಗಲ ಹರಿದಿದೆ. ಆರು ತಿಂಗಳಿಗೊಮ್ಮೆ ಸಿಲಿಕೋನ್ ಗ್ರೀಸ್ ಸವರುತ್ತೇನೆ. ಎಂಜಿನ್ ಆಯಿಲ್ ಮಾತ್ರ ತಾಗಿಸಬಾರದು, ಪೆಟ್ರೋಲಿಯಂ ಎಣ್ಣೆಗೆ ಇಪಿಡಿಎಂ ಉಬ್ಬಿ ಮೆತ್ತಗಾಗುತ್ತದೆ. ಹಿಂದಿನ ಎರಡು ಬಾಗಿಲುಗಳಿಗೂ ಇದನ್ನೇ ತಂದಿಟ್ಟಿದ್ದೇನೆ. ಈ ಬಾರಿ ಕತ್ತರಿಸಿದ ತುದಿಗೆ ಮೊದಲು ಪೇಂಟ್ ಹಚ್ಚಿ, ಆಮೇಲೆ ಕೂರಿಸುವುದು.